ಚಿಕಿತ್ಸೆ ಮುಗಿಯಿತು, ಮೊದಲು ಅರ್ಧ ದಿನ ಕೆಲಸಕ್ಕೆ ಹೋಗಿ

ಕೇಳುಗರಿಗೆ ನಮಸ್ಕಾರ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಯಲ್ಲಿರುವವರಿಗೂ ಅವರ ದಾರಿ ಕಾಯುತ್ತಿರುವ ಯಜಮಾನರಿಗೂ ಇವತ್ತು ಒಂದೇ ಮಾತು: ಮೊದಲು ಅರ್ಧ ದಿನ. ಎರಡು ವಾರ ದಿನಕ್ಕೆ 4 ಗಂಟೆ, ಇನ್ನೆರಡು ವಾರ 6 ಗಂಟೆ, ಆಮೇಲೆ ಪೂರ್ತಿ. ಸುಸ್ತು ಹೆಚ್ಚಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಕೆಲಸ ಮಾತ್ರ ಬಿಡಬೇಡಿ.

ಕೀಮೋ, ರೇಡಿಯೇಷನ್ ಮುಗಿದ ಮೇಲೂ ಹಲವರಿಗೆ ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ಇದು ಒಂದು ರಾತ್ರಿ ಮಲಗೆದ್ದರೆ ಹೋಗುವ ಸುಸ್ತಲ್ಲ. ಮೊದಲ ದಿನವೇ ಹುರುಪಿನಲ್ಲಿ ಎಂಟು ಗಂಟೆ ದುಡಿದವರು ಮೂರು ದಿನ ಹಾಸಿಗೆ ಹಿಡಿಯುತ್ತಾರೆ. "ಇನ್ನು ನಿನ್ನ ಕೈಲಾಗಲ್ಲ, ಮನೇಲಿರು" ಅಂತಾರೆ ಮನೆಯವರು. ಖಂಡಿತ ಕೈಲಾಗುತ್ತದೆ, ಅರ್ಧ ದಿನದಿಂದ ಶುರು ಮಾಡಿದರೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಒಬ್ಬ ಹೆಣ್ಣುಮಗಳ ವಿಷಯ ಹೇಳಲೇಬೇಕು. ಎಡ ಸ್ತನದ ಆಪರೇಷನ್ ಆಗಿತ್ತು, ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರು. ಕೈಯಲ್ಲಿದ್ದ ಚೀಟಿಯಲ್ಲಿ "ಕೆಲಸಕ್ಕೆ ಫಿಟ್" ಅಂತ ಎರಡೇ ಪದ. ಯಾವ ಕೆಲಸಕ್ಕೆ? ಆಕೆಯ ಕೆಲಸ ಬೇಸಿನ್ ಮುಂದೆ ಕೂತು, ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಬೆರಳತುದಿಯಲ್ಲೇ ಎಳೆ ಹುಡುಕುವುದು, ಹರಿದಾಗೆಲ್ಲ ಸೇರಿಸುವುದು. ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ಕೊಟ್ಟಿದ್ದರಿಂದ ಆ ಬೆರಳತುದಿಗಳೇ ಜೋಮು ಹಿಡಿದಿದ್ದವು. ನೀರು ಸುಡುವುದು ತಿಳಿಯುತ್ತಿರಲಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಂಡಿತು. ಕಂಕುಳ ಗಂಟು ತೆಗೆದ ಕೈಯಲ್ಲಿ ದುಗ್ಧರಸ, ಅಂದರೆ ಮೈಯೊಳಗಿನ ಲಿಂಫ್ ಅನ್ನುವ ತಿಳಿ ದ್ರವ, ಸರಾಗವಾಗಿ ಹರಿಯುವುದಿಲ್ಲ. ಸುಟ್ಟರೆ, ಕೊಯ್ದರೆ ಸೋಂಕು ಬೇಗ ಹತ್ತುತ್ತದೆ, ಕೈ ಊದುತ್ತದೆ. ವಾರದೊಳಗೆ ಎಡಗೈ ಬಳೆ ಬಿಗಿಯಾಗಿ ಕೂತಿತ್ತು.

ಬೇಸಿನ್ ಬಿಡಿಸಿ ಗೂಡು ಆರಿಸಲು ಕೂರಿಸಿದರು. ಡಬಲ್ ಗೂಡು, ಕಲೆ ಗೂಡು ಬೇರೆ ಮಾಡುವ ಕೆಲಸ. ಒಣಗೈಯಲ್ಲಿ, ಬೆಳಗಿನ ಹೊತ್ತು, 4 ಗಂಟೆ ಮಾತ್ರ. "ಅರ್ಧ ದಿನಕ್ಕೆ ಆಳಿಟ್ಟರೆ ನಮಗೆ ಗಿಟ್ಟುತ್ತಾ?" ಅಂದರು ಯಜಮಾನರು. ಆರನೇ ವಾರಕ್ಕೆ ಆಕೆ ಪೂರ್ತಿ ದಿನ ಬಂದರು. ಅಷ್ಟು ನುರಿತ ಕಣ್ಣು ಹೊಸಬರಲ್ಲಿ ಎಲ್ಲಿ ಸಿಗುತ್ತದೆ ಹೇಳಿ!

ವೈದ್ಯ ಮಿತ್ರರೇ, ದಯವಿಟ್ಟು ಬರೀ "ಫಿಟ್" ಅಂತ ಬರೆಯಬೇಡಿ. ಎಷ್ಟು ಗಂಟೆ, ಎಷ್ಟು ಕಿಲೋ ಎತ್ತಬಹುದು, ಬಿಸಿನೀರು ಬೇಡ, ಅಂತ ಬಿಡಿಸಿ ಬರೆಯಿರಿ. ಎರಡು ಸಾಲು ಹೆಚ್ಚಾಗುತ್ತದೆ, ಅಷ್ಟೇ ತಾನೆ?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಂಕುಳ ಗಂಟು ತೆಗೆದ ಕೈಯಲ್ಲಿ ಏನೂ ಎತ್ತಬಾರದು ಅನ್ನುವುದು ಹಳೇ ಮಾತು. ಅರ್ಧ ಕಿಲೋದಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಟೈಲರ್ ಟೇಪು ತಗೊಂಡು ಮೊಣಕೈಯಿಂದ 10 ಸೆಂಟಿಮೀಟರ್ ಮೇಲೆ, 10 ಸೆಂಟಿಮೀಟರ್ ಕೆಳಗೆ, ಎರಡೂ ಕೈಗಳ ಸುತ್ತಳತೆ ಬರೆದಿಡಿ. ಕೆಲಸಕ್ಕೆ ಹೋಗುವ ಮೊದಲೇ ಒಮ್ಮೆ, ಆಮೇಲೆ ವಾರಕ್ಕೊಮ್ಮೆ. ಮೊದಲಿಗಿಂತ 2 ಸೆಂಟಿಮೀಟರ್ ಹೆಚ್ಚಾದರೆ ವೈದ್ಯರಿಗೆ ತೋರಿಸಿ.

ವಸಂತನರಸಾಪುರ, ನರಸಾಪುರ, ಮಾಲೂರಿನ ಕಾರ್ಖಾನೆಗಳಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವವರು ದುಡ್ಡಿನ ಚಿಂತೆಗೆ ಆತುರಪಡಬೇಡಿ. ಕಾಯಿಲೆ ರಜೆಗೆ 91 ದಿನ ಶೇ. 70ರಷ್ಟು ಕೂಲಿ. ಎರಡು ವರ್ಷ ಸರ್ವಿಸ್ ಆಗಿ ವಂತಿಗೆ ಸರಿಯಾಗಿ ಕಟ್ಟಿದ್ದರೆ, ಕ್ಯಾನ್ಸರ್‌ಗೆ ಶೇ. 80ರಂತೆ ಎರಡು ವರ್ಷದವರೆಗೂ ಸಿಗುತ್ತದೆ. ಹುಷಾರಾಗಿ ಹೊರಟಾಗ ಮಾತ್ರ ಮತ್ತೆ ಅದೇ, ಮೊದಲು ಅರ್ಧ ದಿನ.

ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಮಸ್ಕಾರ.