ಪಿಸ್ತೂಲ್ ಆಮೇಲೆ, ಮೊದಲು ಗ್ರಿಪ್ ನೋಡಿ

ನಮಸ್ಕಾರ. ಪುಣೆಯಿಂದ ಮಾತಾಡ್ತಿದ್ದೀನಿ. ಪಾಯಿಂಟ್ ಟೂ ಟೂ ಸ್ಪೋರ್ಟ್ಸ್ ಪಿಸ್ತೂಲ್, ಅಂದ್ರೆ 25 ಮೀಟರ್ ಸ್ಪರ್ಧೆಯಲ್ಲಿ ಬಳಸೋ .22 ಗುಂಡಿನ ಪಿಸ್ತೂಲ್, ಆರಿಸೋದು ಹೇಗೆ ಅನ್ನೋದೇ ಇವತ್ತಿನ ಮಾತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ಗೆದ್ದರು. ಆಮೇಲಿಂದ ಇಲ್ಲಿನ ಬಾಲೇವಾಡಿ ಶೂಟಿಂಗ್ ರೇಂಜ್ ಕಡೆ ಹೋದಾಗಲೆಲ್ಲ ಕಿವಿಗೆ ಕನ್ನಡ ಬೀಳ್ತಾ ಇದೆ. ಹಿಂಜೇವಾಡಿ, ವಾಕಡ್, ಬಾಣೇರ್‌ನಲ್ಲಿ ಕೆಲಸ ಮಾಡೋ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಜನ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಬಂದವರು ಮೊದಲು ಕೇಳೋದೇ ಹೀಗೆ: "ಸರ್, ಮಗಳಿಗೆ ಒಂದು ಪಿಸ್ತೂಲ್ ಕೊಡಿಸಬೇಕಂತ ಮಾಡೀನ್ರೀ. ಪಾರ್ದಿನಿ ಛಲೋನೋ, ವಾಲ್ಥರ್ ಛಲೋನೋ?"

ಎರಡೂ ಛಲೋನೇ. ಆದ್ರೆ ನೀವು ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಮೊದಲು ಗ್ರಿಪ್, ಅಂದ್ರೆ ಪಿಸ್ತೂಲಿನ ಹಿಡಿ, ಆಮೇಲೆ ಟ್ರಿಗರ್, ಆಮೇಲೆ ಅದು ಎಷ್ಟು ನಂಬಿಕೆಯಿಂದ ಓಡುತ್ತೆ ಅನ್ನೋದು. ಕಂಪನಿ ಹೆಸರು ಕಟ್ಟಕಡೆಗೆ. ನಮ್ಮಲ್ಲಿ ಎಲ್ಲರೂ ಇದನ್ನ ಹಿಂದುಮುಂದು ಮಾಡ್ತಾರೆ, ಅದರ ಪೆಟ್ಟು ಬೀಳೋದು ಮಕ್ಕಳ ಕೈಗೆ.

ಯಾಕೆ ಹೀಗಂತೀನಿ ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ ಇದೆ. ಗುರಿ ಹಿಡಿಯೋಕೆ ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರೋ ಗುರುತುಗಳೇ ಸೈಟು. 25 ಮೀಟರ್ ಸ್ಪರ್ಧೆಯ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ನಿಯಮದ ಪ್ರಕಾರ ಹೆಚ್ಚಂದ್ರೆ 220 ಮಿಲಿಮೀಟರ್ ಇರಬಹುದು. ಗುರಿ ಇರೋದು 25 ಮೀಟರ್ ಆಚೆ, ಅಂದ್ರೆ ಅದರ ಸುಮಾರು 114 ಪಟ್ಟು ದೂರ. ಟ್ರಿಗರ್ ಎಳೆಯುವಾಗ ಮುಂದಿನ ಸೈಟ್ ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ತಿರುಗಿದ್ರೆ ಗುಂಡು ಗುರಿಯ ಮೇಲೆ 57 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತೆ. ಈ ಸ್ಪರ್ಧೆಗೆ ಎರಡು ಹಂತ, ನಿಧಾನದ ಪ್ರಿಸಿಷನ್, ವೇಗದ ರಾಪಿಡ್. ಪ್ರಿಸಿಷನ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್, ಒಂಬತ್ತರದ್ದು 100. ನಿಮ್ಮ ಗುಂಡು ಎಂಟಕ್ಕೆ ಬಿತ್ತು. ಅದೇ ಸೈಟುಗಳೆರಡೂ ಒಂದೇ ಸಾಲಿನಲ್ಲಿದ್ದು, ಇಡೀ ಕೈ ಐದು ಮಿಲಿಮೀಟರ್ ಆಚೀಚೆ ತೂಗಿತು ಅಂದ್ಕೊಳ್ಳಿ. ಗುಂಡೂ ಐದೇ ಮಿಲಿಮೀಟರ್ ಸರಿಯುತ್ತೆ, ಹತ್ತರೊಳಗೇ ಇರುತ್ತೆ.

ಕೈ ನಡುಗುತ್ತೆ ಅಂತ ಹೊಸಬರು ಒದ್ದಾಡ್ತಾರೆ. ಕೈ ನಡುಗೋದರಿಂದ ಹೋಗೋ ಅಂಕ ಕಡಿಮೆ. ಮಣಿಕಟ್ಟು ತಿರುಗಿ, ಬೆರಳು ಪಕ್ಕಕ್ಕೆ ತಳ್ಳಿ ಸೈಟುಗಳ ಸಾಲು ತಪ್ಪೋದರಿಂದ ಹೋಗೋ ಅಂಕವೇ ಜಾಸ್ತಿ. ಆ ಸಾಲನ್ನ ಕಾಯೋದು ಗ್ರಿಪ್ ಮತ್ತು ಟ್ರಿಗರ್. ಬ್ಯಾರಲ್, ಅಂದ್ರೆ ನಳಿಗೆ, ಅಲ್ಲ. ಈ ಮಟ್ಟದ ಯಾವ ಪಿಸ್ತೂಲಿನ ಬ್ಯಾರಲ್ ಆದ್ರೂ, ಅದಕ್ಕೆ ಹೊಂದೋ ಗುಂಡು ಕೊಟ್ಟರೆ, ಹತ್ತರ ವೃತ್ತಕ್ಕಿಂತ ಬಹಳ ಕಿರಿದಾದ ಜಾಗದಲ್ಲಿ ಹೊಡೆಯುತ್ತೆ. ಅದಕ್ಕೇ "ಯಾವುದು ಜಾಸ್ತಿ ಆಕ್ಯುರೇಟ್" ಅನ್ನೋ ಚರ್ಚೆಗೆ ನಾನು ಸಮಯ ಕೊಡಲ್ಲ.

ಗ್ರಿಪ್ ಸರಿ ಇದೆಯಾ ಅಂತ ನೋಡೋದಕ್ಕೆ ಹಳೇ ಪರೀಕ್ಷೆ ಒಂದಿದೆ. ಫೈರಿಂಗ್ ಲೈನ್‌ನಲ್ಲಿ, ಕೋಚ್ ಪಕ್ಕದಲ್ಲಿರುವಾಗ, ಗುಂಡು ಕೂರೋ ಚೇಂಬರ್ ಖಾಲಿ ಅಂತ ಇಬ್ಬರೂ ನೋಡಿದ ಮೇಲೆ, ಪಿಸ್ತೂಲ್ ಹಿಡಿದು ಟಾರ್ಗೆಟ್ ಕಡೆಗೇ ಮುಖ ಮಾಡಿ ನಿಲ್ಲಿ. ಕಣ್ಣು ಮುಚ್ಚಿ. ಕೈ ಎತ್ತಿ, ಉಸಿರು ಬಿಟ್ಟು, ಕೈಯನ್ನ ಅದಕ್ಕೆ ಹಿತವಾದ ಜಾಗದಲ್ಲಿ ನಿಲ್ಲೋಕೆ ಬಿಡಿ. ಈಗ ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನದರ ಕಚ್ಚಿನ ನಡುವೆ ಕೂತಿದ್ರೆ ಗ್ರಿಪ್ ನಿಮ್ಮದು. ಪ್ರತಿ ಸಲ ಎಡಕ್ಕೇ ಇದ್ರೆ, ಅಥವಾ ಪ್ರತಿ ಸಲ ಮೇಲೆದ್ದಿದ್ರೆ, ಆ ಗ್ರಿಪ್ ನಿಮ್ಮ ಮಣಿಕಟ್ಟನ್ನ ತಿರುಗಿಸ್ತಾ ಇದೆ. ನೀವು ಅದನ್ನ ಪ್ರತಿ ಗುಂಡಿಗೂ ಬಲ ಹಾಕಿ ಸರಿ ಮಾಡ್ಕೋತಾ ಇದ್ದೀರಿ. ನಿಧಾನದ ಪ್ರಿಸಿಷನ್ ಹಂತದಲ್ಲಿ ಅದು ನಡೆದುಹೋಗುತ್ತೆ, ಐದು ಗುಂಡಿಗೆ ಐದು ನಿಮಿಷ ಸಿಗುತ್ತಲ್ಲ. ರಾಪಿಡ್ ಹಂತದಲ್ಲಿ ಕೈ 45 ಡಿಗ್ರಿ ಕೆಳಗಿರುತ್ತೆ, ಸಿಗೋದು ಮೂರು ಸೆಕೆಂಡ್. ಅಷ್ಟರೊಳಗೆ ಕೈ ಎತ್ತಿ ಒಂದು ಗುಂಡು ಹೊಡೆಯಬೇಕು, ಏಳು ಸೆಕೆಂಡ್ ಕಳೆದ ಮೇಲೆ ಮತ್ತೆ ಮೂರು. ಅಲ್ಲಿ ಸರಿ ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ. ಕೈ ಎತ್ತಿದಾಗ ಸೈಟು ತಾನಾಗಿ ಸಾಲಿಗೆ ಬರಬೇಕು.

ಗ್ರಿಪ್‌ಗಳು ಸ್ಮಾಲ್, ಮೀಡಿಯಮ್, ಲಾರ್ಜ್ ಅಂತ, ಎಡಗೈ ಬಲಗೈ ಅಂತ ಬೇರೆ ಬೇರೆ ಬರ್ತವೆ. ಜರ್ಮನಿಯ ರಿಂಕ್‌ನಂಥವರು ಕೈ ಅಳತೆಗೆ ಮಾಡಿಕೊಡೋದೂ ಉಂಟು. ಅಷ್ಟು ದೂರ ಹೋಗೋ ಮುಂಚೆ ಇರೋ ಗ್ರಿಪ್ಪನ್ನೇ ತಿದ್ದಿ. ಗ್ರಿಪ್ ಬಿಚ್ಚಿ ಪಿಸ್ತೂಲಿನಿಂದ ಬೇರೆ ಮಾಡ್ಕೊಂಡು ಕೆಲಸ ಮಾಡಿ. ಒಂದು ತಿಂಗಳು ಬಳಸಿದ ಮರದ ಗ್ರಿಪ್ ನೋಡಿ, ಬೆವರು ತಾಗಿ ಕಪ್ಪಾಗಿರೋ ಜಾಗ ಒಂದು, ಹೊಸದರ ಹಾಗೇ ಬೆಳ್ಳಗಿರೋ ಜಾಗ ಇನ್ನೊಂದು. ಬೆಳ್ಳಗಿರೋ ಕಡೆ ನಿಮ್ಮ ಅಂಗೈ ತಾಗ್ತಾನೇ ಇಲ್ಲ. ಅಲ್ಲಿಗೆ ಮೊದಲು ಮಕ್ಕಳು ಆಡೋ ಕ್ಲೇ ಹಚ್ಚಿ ಹಿಡಿದು ನೋಡಿ. ಸರಿ ಅನ್ನಿಸಿದ್ರೆ ಅದನ್ನ ತೆಗೆದು ಅಷ್ಟೇ ದಪ್ಪ ಎಂ-ಸೀಲ್ ಹಚ್ಚಿ, ಅಂಗೈಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಮೆತ್ತಗೆ ಒತ್ತಿ. ಒಣಗಿದ ಮೇಲೆ ಅರದಿಂದ ತೀಡಿ, ಎಮರಿ ಪೇಪರ್ ಉಜ್ಜಿ. ಒಂದೇ ಸಲಕ್ಕೆ ಎಲ್ಲಾ ಕಡೆ ಮೆತ್ತಬೇಡಿ. ಒಂದು ಜಾಗ ಮಾಡಿ, ಒಂದು ವಾರ ಹೊಡೆದು ನೋಡಿ.

ಅಂಗೈ ಕೆಳಗಿನ ಹೊಂದಿಸೋ ಪಟ್ಟಿಯನ್ನ ಬಿಗಿಯಾಗಿ ಏರಿಸಿ ಕೈಯನ್ನ ಸಿಕ್ಕಿಸಿಬಿಡ್ತಾರೆ ಕೆಲವರು. ಬೇಡ. ಮೇ ತಿಂಗಳ ಪುಣೆ ಬಿಸಿಲಲ್ಲಿ ಕೈ ಊದುತ್ತೆ, ಬೆಳಗ್ಗೆ ಹಿತವಾಗಿದ್ದ ಗ್ರಿಪ್ ಮಧ್ಯಾಹ್ನ ಬೆರಳು ಜೋಮು ಹಿಡಿಸುತ್ತೆ. ಇನ್ನು ದಪ್ಪದ ಮೇಲೆ ಕಣ್ಣಿರಲಿ. ಪಿಸ್ತೂಲ್ ಪೂರ್ತಿ 300 ಗುಣಿಸು 150 ಗುಣಿಸು 50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಹಿಡಿಯಬೇಕು, ತೂಕ 1400 ಗ್ರಾಂ ಮೀರಬಾರದು. ಹೆಬ್ಬೆರಳ ಕಡೆ ಮೆತ್ತಿದ್ದು ಹೆಚ್ಚಾದ್ರೆ ಸಾಮಗ್ರಿ ತಪಾಸಣೆಯ ಮೇಜಿನ ಮೇಲೆ ಆ ಪೆಟ್ಟಿಗೆ ಮುಚ್ಚಲ್ಲ. ಪಂದ್ಯದ ಹಿಂದಿನ ದಿನ ಅರ ಹುಡುಕ್ಕೊಂಡು ಓಡಾಡೋ ಪರಿಸ್ಥಿತಿ ಯಾರಿಗೂ ಬೇಡ.

ಈಗ ಟ್ರಿಗರ್. ಏರ್ ಪಿಸ್ತೂಲ್‌ನಲ್ಲಿ ಕನಿಷ್ಠ 500 ಗ್ರಾಂ, ಪಾಯಿಂಟ್ ಟೂ ಟೂನಲ್ಲಿ ಕನಿಷ್ಠ 1000 ಗ್ರಾಂ. ಎರಡು ಪಟ್ಟು. ಏರ್‌ನಿಂದ ಬಂದ ಮಕ್ಕಳಿಗೆ ಇದೇ ದೊಡ್ಡ ಗೋಡೆ. ತಪಾಸಣೆಯಲ್ಲಿ ಒಂದು ಕಿಲೋ ತೂಕವನ್ನ ಟ್ರಿಗರ್‌ಗೆ ಸಿಕ್ಕಿಸಿ, ಬ್ಯಾರಲ್ ನೆಟ್ಟಗೆ ಮೇಲ್ಮುಖ ಮಾಡಿ ಪಿಸ್ತೂಲನ್ನ ಮೆಲ್ಲಗೆ ಎತ್ತುತ್ತಾರೆ. ತೂಕ ಮೇಜಿನಿಂದ ಮೇಲೇಳೋ ತನಕ ಟ್ರಿಗರ್ ಬಿಡಬಾರದು. ಇದನ್ನ ಸರಿಯಾಗಿ ಸಾವಿರಕ್ಕೇ ತಂದಿಡಬೇಡಿ, ಸ್ವಲ್ಪ ಮೇಲಿಡಿ. ಪಿಸ್ತೂಲ್ ನೋಡೋಕೆ ಹೋದಾಗ ಟ್ರಿಗರ್ ಎಷ್ಟು ಹಗುರ ಅಂತ ನೋಡಬೇಡಿ, ಪ್ರತಿ ಸಲ ಒಂದೇ ಜಾಗದಲ್ಲಿ ಬಿಡುತ್ತಾ ಅಂತ ನೋಡಿ. ಟ್ರಿಗರಿನಲ್ಲಿ ಬೆರಳು ತಾಗೋ ಬ್ಲೇಡ್ ಹಿಂದೆ ಮುಂದೆ ಜರುಗಿಸೋಕೆ ಬರಬೇಕು. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂತಾಗ, ಆ ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ತಾಗದೆ ಸಂದು ಇರಬೇಕು. ತಾಗಿದ್ರೆ ಎಳೆದಾಗೆಲ್ಲ ಬೆರಳು ಗ್ರಿಪ್ಪನ್ನೂ ತಳ್ಳುತ್ತೆ, ಆ ಅರ್ಧ ಮಿಲಿಮೀಟರ್ ಬರೋದೇ ಅಲ್ಲಿಂದ.

ಎಲೆಕ್ಟ್ರಾನಿಕ್ ಟ್ರಿಗರ್ ಬೇಕಾ ಅಂತ ಕೇಳ್ತಾರೆ. ಮೊದಲ ಪಿಸ್ತೂಲಿಗೆ ಬೇಡ ಅಂತೀನಿ. ಎಳೆತ ಚೆನ್ನಾಗಿರುತ್ತೆ, ಒಪ್ತೀನಿ. ಆದ್ರೆ ಕೆಟ್ಟರೆ ಅದನ್ನ ರಿಪೇರಿ ಮಾಡೋ ಕೈ ಇಲ್ಲಿ ಸಿಗೋದು ಕಷ್ಟ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಏರ್ ಪಿಸ್ತೂಲ್ ಕೈಕೊಟ್ಟು ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಎಷ್ಟೊಂದು ನಿಮಿಷ ಕಳ್ಕೊಂಡರು ಅನ್ನೋದು ನಮಗೆಲ್ಲ ಗೊತ್ತು. ಜೊತೆಗೆ ಕೋಚ್, ಬದಲಿ ಪಿಸ್ತೂಲ್ ಎಲ್ಲಾ ಇದ್ದವರಿಗೇ ಹಾಗಾಯ್ತು.

ಇನ್ನು ಪಾಯಿಂಟ್ ಟೂ ಟೂ ಗುಂಡು ರಿಮ್‌ಫೈರ್ ಜಾತಿಯದು, ಅದಕ್ಕೇ ಅಂಟಿದ ಕೆಲವು ತೊಂದರೆಗಳಿವೆ. ಈ ಗುಂಡಿನ ಸಿಡಿಮದ್ದು ಕೇಸಿನ, ಅಂದ್ರೆ ಅದರ ಲೋಹದ ಕೋಶದ, ಅಂಚಿನೊಳಗೆ ಇರುತ್ತೆ, ಫೈರಿಂಗ್ ಪಿನ್ ಅಂಚಿಗೇ ಹೊಡೆಯುತ್ತೆ. ಹಾಗಾಗಿ ಖಾಲಿ ಚೇಂಬರ್‌ನಲ್ಲಿ ಸುಮ್ಮನೆ ಟ್ರಿಗರ್ ಎಳೀತಾ ಹೋದ್ರೆ ಕೆಲವು ಪಿಸ್ತೂಲುಗಳಲ್ಲಿ ಪಿನ್ ನೇರ ಚೇಂಬರ್ ಅಂಚಿಗೆ ಬಡಿದು ಅಲ್ಲಿ ಕಚ್ಚು ಬೀಳುತ್ತೆ. ಆಮೇಲೆ ಕೇಸ್ ಸಿಕ್ಕಿಕೊಳ್ಳೋಕೆ ಶುರು. ಈ ಆಟದಲ್ಲಿ ಡ್ರೈ ಫೈರ್, ಅಂದ್ರೆ ಗುಂಡಿಲ್ಲದೆ ಟ್ರಿಗರ್ ಎಳೆಯೋ ಅಭ್ಯಾಸ, ದಿನದ ಊಟ ಇದ್ದಹಾಗೆ, ಅದಿಲ್ಲದೆ ಆಗಲ್ಲ. ಡ್ರೈ ಫೈರ್ ವ್ಯವಸ್ಥೆ ಇರೋ ಪಿಸ್ತೂಲನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಟಾರ್ಚ್ ಹಿಡಿದು ಚೇಂಬರ್ ಬಾಯಿಯ ಅಂಚನ್ನ ನೋಡಿ, ಕಚ್ಚಿದ್ರೆ ಬಿಟ್ಟುಬಿಡಿ.

ಎರಡನೆಯದು ಜಾಮ್. ಸೀಸದ ಗುಂಡು, ಅದರ ಮೇಲೆ ಮೇಣ, ಬೇಗ ಕಟ್ಟೋ ಮಸಿ. ಮ್ಯಾಗಜೀನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಮುಂದೆ ಕೂರಬೇಕು, ಹಿಂದೆ ಸಿಕ್ಕಿದ್ರೆ ಗುಂಡು ಮುಂದಕ್ಕೆ ಚೇಂಬರಿಗೆ ಜಾರಲ್ಲ. ರಾಪಿಡ್ ಸರಣಿಯಲ್ಲಿ ಪಿಸ್ತೂಲ್ ನಿಂತರೆ ಜ್ಯೂರಿ ಮರು ಅವಕಾಶ ಕೊಡಬಹುದು, ಅದಕ್ಕೂ ಮಿತಿ ಇದೆ. ಅದಕ್ಕಿಂತ ಹೆಚ್ಚಾಗಿ, ಹೊಡೀತಿರೋ ಹುಡುಗಿಯ ಮನಸ್ಸು ಆ ಸರಣಿ ಪೂರ್ತಿ "ಮತ್ತೆ ನಿಲ್ಲುತ್ತಾ" ಅಂತಲೇ ಕಾಯ್ತಿರುತ್ತೆ. ಅದಕ್ಕೇ ನಿಮ್ಮ ರೇಂಜಿನಲ್ಲಿ ಸಿಗೋ ಗುಂಡಿನಲ್ಲಿ ತೊಂದರೆ ಇಲ್ಲದೆ ಓಡೋ ಪಿಸ್ತೂಲ್ ಯಾವುದೋ, ಅದೇ ನಿಮಗೆ ಒಳ್ಳೇ ಪಿಸ್ತೂಲ್. ಎಲಿ, ಆರ್‌ಡಬ್ಲ್ಯೂಎಸ್, ಎಸ್‌ಕೆ, ಲಾಪುವಾ ಯಾವುದೇ ಇರಲಿ, ಶಬ್ದದ ವೇಗ ಮೀರದ 40 ಗ್ರೇನ್ ತೂಕದ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು ಸಾಕು. ಹೈ ವೆಲಾಸಿಟಿ ಹಾಕಬೇಡಿ, ಈ ಯಂತ್ರಗಳು ಅದಕ್ಕೆ ಮಾಡಿದವಲ್ಲ. ಮಳೆಗಾಲದಲ್ಲಿ ಒರೆಸದೆ ಇಟ್ಟರೆ ತುಕ್ಕು ಹಿಡಿಯುತ್ತೆ, ಮುಂಬೈಯಲ್ಲಿ ವರ್ಲಿ ರೇಂಜಿಗೆ ಹೋಗೋರಿಗೆ ಸಮುದ್ರದ ಗಾಳಿ ಬೇರೆ.

ಕಂಪನಿಗಳ ಬಗ್ಗೆ ಎರಡು ಮಾತು. ಪಾರ್ದಿನಿ ಎಸ್‌ಪಿ, ಮೊರಿನಿ ಸಿಎಂ 22, ವಾಲ್ಥರ್ ಜಿಎಸ್‌ಪಿ, ಫೈನ್‌ವೆರ್ಕ್‌ಬಾವ್ ಎಡಬ್ಲ್ಯೂ 93. ಈ ನಾಲ್ಕರಲ್ಲೂ ಮ್ಯಾಗಜೀನ್ ಟ್ರಿಗರ್ ಮುಂದೆ ಇರುತ್ತೆ, ಗ್ರಿಪ್ ಒಳಗಲ್ಲ. ಅದರಿಂದ ಗ್ರಿಪ್ಪನ್ನ ಕೈಗೆ ಬೇಕಾದ ಆಕಾರಕ್ಕೆ, ಬೇಕಾದ ಕೋನಕ್ಕೆ ಮಾಡೋಕೆ ಬರುತ್ತೆ, ಬ್ಯಾರಲ್ಲೂ ಕೈಗೆ ಹತ್ತಿರ ಕೂರುತ್ತೆ, ಹೊಡೆದಾಗ ಮೂತಿ ಕಡಿಮೆ ಏಳುತ್ತೆ. ಹ್ಯಾಮರ್ಲಿ 208ನಲ್ಲಿ ಮ್ಯಾಗಜೀನ್ ಗ್ರಿಪ್ ಒಳಗೇ ಇದೆ. ಹಳೇದಾದ್ರೂ ಅದರ ಟ್ರಿಗರ್ ಇವತ್ತಿಗೂ ಸೊಗಸು. ಕ್ಲಬ್ಬಿನಲ್ಲಿ ಒಂದು ಸಿಕ್ಕಿದ್ರೆ ಪ್ರಿಸಿಷನ್ ಕಲಿಯೋಕೆ ಖುಷಿಯಾಗಿ ಬಳಸಿ. ಗಂಡು ಮಕ್ಕಳಿಗೆ ಮುಂದೆ ಸೆಂಟರ್ ಫೈರ್, ಅಂದ್ರೆ ಪಿನ್ ಕೇಸಿನ ನಡುವೆ ಹೊಡೆಯೋ ದೊಡ್ಡ ಗುಂಡಿನ ಸ್ಪರ್ಧೆ, ಆಡೋ ಆಸೆ ಇದ್ರೆ ಪಾಯಿಂಟ್ ತ್ರೀ ಟೂಗೆ ಬದಲಾಯಿಸೋ ಕಿಟ್ ಇರೋ ಜಿಎಸ್‌ಪಿಯಂಥದ್ದು ನೋಡಿ, ಗ್ರಿಪ್ಪೂ ಕೈಯ ಅಭ್ಯಾಸವೂ ಹಾಗೇ ಉಳಿಯುತ್ತೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಆ ಸ್ಪರ್ಧೆಯಲ್ಲೇ. ಇವುಗಳ ನಡುವೆ ನನ್ನ ಆಯ್ಕೆ ಕೇಳಿದ್ರೆ, ನಿಮ್ಮ ಕೋಚ್ ಬಿಚ್ಚಿ ಜೋಡಿಸೋಕೆ ಬರೋದು ಯಾವುದೋ, ಪಕ್ಕದ ಲೇನ್‌ನವರ ಹತ್ತಿರ ಬಿಡಿ ಸ್ಪ್ರಿಂಗು, ಮ್ಯಾಗಜೀನು ಸಿಗೋದು ಯಾವುದೋ, ಅದು.

ಕಾನೂನು ಗೊತ್ತಿರಲಿ. ಸಾಮಾನ್ಯ ಏರ್ ಪಿಸ್ತೂಲ್ ಹಾಗಲ್ಲ ಇದು. 1959ರ ಆರ್ಮ್ಸ್ ಆಕ್ಟ್, 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು, ಪುಣೆ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ. ಗುಂಡಿಗೂ ಮಿತಿ. ಆಮದು ಮಾಡ್ಕೊಳ್ಳೋ ಅರ್ಹತೆ ಪಂದ್ಯದ ಸ್ಕೋರ್ ಮೇಲೆ ನಿಂತಿದೆ. ಅಂದ್ರೆ ಬಹುತೇಕ ಮಕ್ಕಳು ಮೊದಲ ವರ್ಷಗಳನ್ನ ಕ್ಲಬ್ ಪಿಸ್ತೂಲಿನಲ್ಲೇ ಕಳೀತಾರೆ, ಅದು ತಪ್ಪಲ್ಲ.

ಅದಕ್ಕೇ ಕಡೇ ಮಾತು ಕ್ಲಬ್ ನಡೆಸೋರಿಗೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರ್ನೋಬತ್ ಇದೇ ಮಹಾರಾಷ್ಟ್ರದವರು. ಅವರನ್ನ ನೋಡಿ ಹದಿಮೂರು ಹದಿನಾಲ್ಕರ ಹುಡುಗಿಯರು ಈ ಸ್ಪರ್ಧೆಗೆ ಬರ್ತಿದ್ದಾರೆ. ಅವರ ಕೈಗೆ ನಾವು ಕೊಡೋದು ದೊಡ್ಡ ಗಂಡಸರ ಅಂಗೈಗೆ ಮಾಡಿದ ಗ್ರಿಪ್. ಬೆರಳು ಟ್ರಿಗರ್ ಮುಟ್ಟಲ್ಲ, ಮುಟ್ಟಿಸೋಕೆ ಕೈಯನ್ನೇ ಬಲಕ್ಕೆ ತಿರುಗಿಸ್ಕೋತಾರೆ, ಅದೇ ಅಭ್ಯಾಸ ಆಗುತ್ತೆ, ಎರಡು ವರ್ಷ ಆದ ಮೇಲೆ ಸ್ವಂತ ಪಿಸ್ತೂಲ್ ಬಂದ್ರೂ ಹೋಗಲ್ಲ. ಎಡಗೈ ಮಕ್ಕಳ ಪಾಡಂತೂ ಕೇಳೋದೇ ಬೇಡ. ಮುಂದಿನ ಸಲ ಹೊಸ ಪಿಸ್ತೂಲ್ ತರಿಸೋ ದುಡ್ಡು ಬಂದಾಗ, ಒಂದು ಪಿಸ್ತೂಲ್ ಕಡಿಮೆ ತರಿಸಿ. ಆ ದುಡ್ಡಿಗೆ ಇರೋ ಪಿಸ್ತೂಲುಗಳಿಗೆ ಸ್ಮಾಲ್ ಗ್ರಿಪ್ಪುಗಳು, ಒಂದೆರಡು ಎಡಗೈ ಗ್ರಿಪ್ಪು ತರಿಸಿ. ಬದಲಾಯಿಸೋಕೆ ಒಂದು ಸ್ಕ್ರೂ ಡ್ರೈವರೋ ಅಲೆನ್ ಕೀನೋ ಸಾಕು. ಅಪ್ಪ ಅಮ್ಮಂದಿರೇ, ಇದನ್ನ ಕ್ಲಬ್ಬಿನಲ್ಲಿ ನೀವೂ ಕೇಳಿ. ಫೀಸ್ ಕಟ್ಟುವಾಗಲೇ ಕೇಳಿ.