ಮಳೆಯ ಮೇಲೆ ಅರ್ಜಿ ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಅರ್ಜಿ ಬರೆಯುವುದರಲ್ಲಿ ಕೊಡಗಿನವರು ಯಾರಿಗೂ ಕಡಿಮೆಯಿಲ್ಲ. ಆನೆ ಗದ್ದೆಗೆ ಇಳಿದರೆ ಅರಣ್ಯ ಇಲಾಖೆಗೆ ಬರೆಯುತ್ತೇವೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾದರೆ ತಾಲ್ಲೂಕು ಕಚೇರಿಗೆ ಅಲೆಯುತ್ತೇವೆ. ಆದರೆ ಕಾಫಿ ಹೂ ಅರಳಿಸುವ ಮಾರ್ಚ್ ತಿಂಗಳ ಹೂಮಳೆ ಕೈಕೊಟ್ಟು, ಕಣದಲ್ಲಿ ಕಾಫಿ ಹರಡಿರುವ ಜನವರಿಯಲ್ಲಿ ಆಕಾಶ ಕಳಚಿಬಿದ್ದಂತೆ ಸುರಿದರೆ ಅರ್ಜಿ ಯಾರಿಗೆ ಬರೆಯಬೇಕು? ದೇವರಿಗೆ ಹರಕೆ ಹೊರಬಹುದು, ಹೊರುತ್ತೇವೆ ಕೂಡ. ಮನುಷ್ಯರಲ್ಲಿ ಯಾರನ್ನು ಕೇಳುವುದು?

ಪಳೆಯುಳಿಕೆ ಇಂಧನದ ವಿರುದ್ಧ, ಅಂದರೆ ಕಲ್ಲಿದ್ದಲು, ಕಚ್ಚಾ ತೈಲ, ಅನಿಲ ಅಗೆದು ಮಾರುವ ಉದ್ಯಮದ ವಿರುದ್ಧ ಜಗತ್ತಿನಾದ್ಯಂತ ಬೀದಿಗಿಳಿದಿರುವ ಹೋರಾಟಗಾರರು ಹುಡುಕುತ್ತಿರುವುದು ಇದೇ ವಿಳಾಸವನ್ನು ಎಂದು ನನ್ನ ತಿಳಿವಳಿಕೆ. ಟಿವಿಯಲ್ಲಿ ಅವರನ್ನು ಕಂಡಾಗ ನಮ್ಮಲ್ಲಿ ಹೊರಡುವ ಮೊದಲ ಮಾತು, 'ಓದುವ ಮಕ್ಕಳಿಗೆ ಬೇರೆ ಕೆಲಸವಿಲ್ಲವೇ?' ಎರಡನೆಯದು, 'ಇವರೆಲ್ಲ ಅಲ್ಲಿಗೆ ನಡೆದುಕೊಂಡು ಬಂದರೋ?' ಈ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ಮೊದಲು ಮಳೆಯ ವಿಚಾರ. ಈ ಇಂಧನಗಳು ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿಟ್ಟಿದ್ದನ್ನು ಒಮ್ಮೆಗೇ ಸುರಿಸುತ್ತದೆ. ಕುಟ್ಟದಿಂದ ಗಡಿ ದಾಟಿದರೆ ಸಿಗುವ ವಯನಾಡಿನಲ್ಲಿ, 2024ರ ಜುಲೈ 30ರ ಬೆಳಗಿನ ಜಾವ ಮುಂಡಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಸೇರಿದವು. ಅಂದಿನ ಮಳೆಯನ್ನು ಲೆಕ್ಕ ಹಾಕಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡ, ಹವಾಮಾನ ಬದಲಾವಣೆಯಿಂದಾಗಿ ಅದು ಸುಮಾರು ಶೇಕಡ 10ರಷ್ಟು ಜೋರಾಗಿತ್ತು ಎಂದು ಹೇಳಿತು. ಹತ್ತೇ ಅಲ್ಲವೇ ಎನ್ನಬೇಡಿ. ನೀರು ಕುಡಿದು ನಿಂತ ಗುಡ್ಡಕ್ಕೆ ಆ ಹತ್ತು ಸಾಕು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಕುಸಿದ ಗುಡ್ಡಗಳನ್ನು ಕಂಡವರು ನಾವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿತು. ಎಲ್ಲವನ್ನೂ ತೈಲ ಕಂಪನಿಗಳ ತಲೆಗೆ ಕಟ್ಟುವವರ ಗುಂಪಿಗೆ ನಾನು ಸೇರುವುದಿಲ್ಲ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿ ಹೋಂಸ್ಟೇ ಕಟ್ಟಿದ್ದು, ನೀರು ಹರಿಯುವ ತೋಡನ್ನು ಮುಚ್ಚಿ ರಸ್ತೆ ಮಾಡಿದ್ದು ಹೊರಗಿನವರು ಮಾತ್ರವಲ್ಲ. ಮಳೆ ದೂರದಿಂದ ಬಂತು, ಗುಡ್ಡದ ಬುಡ ಕಡಿದ ಕೈ ಹತ್ತಿರದ್ದು. ಎರಡೂ ನಿಜ. ಹತ್ತಿರದ ಕೈಗೆ ಹೆಸರು ಹೇಳಿ ದೂರು ಕೊಡಬಹುದು. ದೂರದ ಕೈಗೆ?

ಅದಕ್ಕೂ ಹೆಸರುಗಳಿವೆ. ರಿಚರ್ಡ್ ಹೀಡಿ ಎಂಬ ಸಂಶೋಧಕರು ಹಳೆಯ ಉತ್ಪಾದನೆಯ ದಾಖಲೆಗಳನ್ನೆಲ್ಲ ಜಾಲಾಡಿ ಲೆಕ್ಕವೊಂದನ್ನು ಮುಂದಿಟ್ಟರು. 1751ರಿಂದ 2010ರವರೆಗೆ ಕೈಗಾರಿಕೆಗಳು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ನಲ್ಲಿ ಶೇಕಡ 63ರಷ್ಟು ಕೇವಲ 90 ಉತ್ಪಾದಕರ ಸರಕಿಗೆ ಸೇರುತ್ತದೆ. ಕಲ್ಲಿದ್ದಲು, ತೈಲ, ಸಿಮೆಂಟ್ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಅವು. ನಮ್ಮ ಕೋಲ್ ಇಂಡಿಯಾ ಕೂಡ ಆ ಪಟ್ಟಿಯಲ್ಲಿದೆ. ಇನ್ನು ಅಮೆರಿಕದ ಎಕ್ಸಾನ್ ತೈಲ ಕಂಪನಿಯ ಕಥೆ ಕೇಳಿ. 1970ರ ದಶಕದ ಕೊನೆಯಿಂದಲೇ ಅದರ ಸ್ವಂತ ವಿಜ್ಞಾನಿಗಳು ಭೂಮಿ ಎಷ್ಟು ಬಿಸಿಯಾಗಲಿದೆ ಎಂದು ಅಂದಾಜು ಕಟ್ಟಿದ್ದರು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಆ ಅಂದಾಜುಗಳಲ್ಲಿ ಬಹುಪಾಲು ನಿಖರವಾಗಿದ್ದವು. ಒಳಗೆ ಇಷ್ಟು ಸ್ಪಷ್ಟವಾಗಿ ತಿಳಿದಿದ್ದವರು ಹೊರಗೆ ವರ್ಷಗಟ್ಟಲೆ 'ಇನ್ನೂ ಖಚಿತವಿಲ್ಲ' ಎಂದು ಜಾಹೀರಾತು ಕೊಟ್ಟರು. ಹೋರಾಟಗಾರರ ಕೋಪದ ಬೇರು ಇಲ್ಲಿದೆ. ಗೊತ್ತಿಲ್ಲದೆ ಮಾಡಿದ್ದಾಗಿದ್ದರೆ ಕೋಪ ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಇನ್ನು ಲಂಡನ್ನಿನ ಸೂಪ್ ಪ್ರಕರಣ. 2022ರ ಅಕ್ಟೋಬರ್ 14ರಂದು ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ 'ಜಸ್ಟ್ ಸ್ಟಾಪ್ ಆಯಿಲ್' ಗುಂಪಿನ ಇಬ್ಬರು ಯುವ ಹೋರಾಟಗಾರರು ವ್ಯಾನ್ ಗೋ ಬರೆದ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿ, ಗೋಡೆಗೆ ಕೈ ಅಂಟಿಸಿಕೊಂಡು ಕುಳಿತರು. ಗಾಜು ಇದ್ದುದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ, ಚೌಕಟ್ಟು ಕೆಟ್ಟಿತು. 2024ರಲ್ಲಿ ಒಬ್ಬರಿಗೆ 2 ವರ್ಷ, ಇನ್ನೊಬ್ಬರಿಗೆ 20 ತಿಂಗಳು ಜೈಲಾಯಿತು. ಅದೇ ವರ್ಷ ಅದೇ ಗುಂಪಿಗೆ ಸೇರಿದ ಐವರಿಗೆ, ಲಂಡನ್ನಿನ ವರ್ತುಲ ಹೆದ್ದಾರಿ ತಡೆಯಲು ಆನ್‌ಲೈನ್ ಸಭೆಯಲ್ಲಿ ಸಂಚು ನಡೆಸಿದರೆಂದು, 4ರಿಂದ 5 ವರ್ಷಗಳ ಶಿಕ್ಷೆ ಬಿತ್ತು. ಮೇಲ್ಮನವಿಯಲ್ಲಿ ಅದು ಸ್ವಲ್ಪ ಇಳಿಯಿತು.

ಸೂಪ್ ಎರಚಿದ್ದು ನನಗೆ ಹಿಡಿಸಲಿಲ್ಲ. ಆ ಚಿತ್ರ ಯಾವ ಎಣ್ಣೆ ಬಾವಿಯನ್ನೂ ಕೊರೆದಿರಲಿಲ್ಲ. ಆದರೆ ಎಲ್ಲರೂ ಸೂಪ್ ನೋಡಿದೆವು, ಬೇಡಿಕೆ ಏನೆಂದು ಕೇಳಿದವರು ಕಡಿಮೆ. ಬೇಡಿಕೆ ಒಂದೇ ಸಾಲಿನದು: ಬ್ರಿಟನ್ ಸರ್ಕಾರ ಹೊಸ ತೈಲ, ಅನಿಲ ನಿಕ್ಷೇಪಗಳಿಗೆ ಪರವಾನಗಿ ಕೊಡಬಾರದು. ಕಾರು ನಿಲ್ಲಿಸಿ ಎಂದಲ್ಲ, ಇರುವ ಬಾವಿಯನ್ನು ನಾಳೆಯೇ ಮುಚ್ಚಿ ಎಂದೂ ಅಲ್ಲ. ಪರವಾನಗಿಯ ಕಾಗದಕ್ಕೆ ಸಹಿ ಹಾಕುವ ಮಂತ್ರಿಯ ಕೈ ಹಿಡಿದು ನಿಲ್ಲಿಸುವುದಷ್ಟೇ ಉದ್ದೇಶ. 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಹೊಸ ಪರವಾನಗಿ ಕೊಡುವುದಿಲ್ಲ ಎಂಬ ಭರವಸೆಯೊಂದಿಗೇ ಚುನಾವಣೆ ಎದುರಿಸಿತ್ತು. 2025ರ ಮಾರ್ಚ್‌ನಲ್ಲಿ ಆ ಗುಂಪು, ನಮ್ಮ ಬೇಡಿಕೆ ಸರ್ಕಾರದ ನೀತಿಯಾಯಿತು ಎಂದು ಹೇಳಿ ಬೀದಿಯ ಹೋರಾಟ ಮುಗಿಸುವುದಾಗಿ ಪ್ರಕಟಿಸಿತು. ಸೂಪ್‌ನಿಂದ ಆಯಿತೋ, ಸೂಪ್ ಇದ್ದೂ ಆಯಿತೋ ಎಂಬ ಜಗಳ ಬ್ರಿಟನ್ನಿನಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಪಕ್ಕದಲ್ಲೇ ಇಂಥದೊಂದು ನಡೆದದ್ದು ಹಲವರಿಗೆ ಮರೆತಿರಬಹುದು. 2007ರಲ್ಲಿ ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಿತ್ತು. ನಾಗರಹೊಳೆ ಕಾಡು ಅಲ್ಲಿಂದ ದೂರವಿಲ್ಲ. ರೈತರು, ಮೈಸೂರಿನ ನಾಗರಿಕರು ಒಟ್ಟಾಗಿ ಎದ್ದು ನಿಂತರು. ಸ್ಥಾವರ ಬರಲಿಲ್ಲ. ಅಲ್ಲಿ ಬೇಡಿಕೆ ಒಂದು, ಊರು ಒಂದು, ಉತ್ತರ ಕೊಡಬೇಕಾದ ಸರ್ಕಾರವೂ ಒಂದು.

ಹಾಗೆಂದು ವಿಳಾಸ ಸರಿಯಿದ್ದರೆ ಗೆಲುವು ಖಂಡಿತ ಎಂದೇನಿಲ್ಲ. ಮೈಸೂರು–ಕೋಯಿಕ್ಕೋಡ್ 400 ಕಿಲೋವೋಲ್ಟ್ ತಂತಿ ಮಾರ್ಗ ನಮ್ಮ ತೋಟಗಳ ಮೇಲೆ ಹಾದುಹೋಗುವಾಗ ಕೊಡಗಿನವರು ನ್ಯಾಯಾಲಯಕ್ಕೆ ಹೋದರು, ರಸ್ತೆಗಿಳಿದರು. ಮರಗಳು ಉರುಳಿದವು, ತಂತಿ ಬಂತು. ನೈಜೀರಿಯದ ಒಗೋನಿ ಜನರದು ಇದಕ್ಕಿಂತ ಘೋರ. ಶೆಲ್ ಕಂಪನಿಯ ತೈಲ ತಮ್ಮ ಹೊಲ, ತೊರೆಗಳಿಗೆ ಸೋರುತ್ತಿದೆ ಎಂದು 1993ರ ಜನವರಿಯಲ್ಲಿ ಲಕ್ಷಗಟ್ಟಲೆ ಮಂದಿ ಮೆರವಣಿಗೆ ಹೊರಟರು. ಅವರ ಮುಂದಾಳು, ಲೇಖಕ ಕೆನ್ ಸಾರೊ-ವಿವಾ ಅವರನ್ನು ಇನ್ನೂ ಎಂಟು ಜನರೊಂದಿಗೆ ಅಲ್ಲಿನ ಸೇನಾ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. 2009ರಲ್ಲಿ ಶೆಲ್, ತಪ್ಪು ಒಪ್ಪಿಕೊಳ್ಳದೆಯೇ, 1.55 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಪರೀಕ್ಷಿಸಿದಾಗ ಅಲ್ಲಿನ ಒಂದು ಊರಿನ ಕುಡಿಯುವ ಬಾವಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ, ಇರಬೇಕಾದ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಊರಿನವರು ಅದನ್ನೇ ಕುಡಿಯುತ್ತಿದ್ದರು. ಹವಾಮಾನ ಹೋರಾಟವೆಂದರೆ ಯುರೋಪಿನ ಅನುಕೂಲಸ್ಥ ಮಕ್ಕಳ ಹವ್ಯಾಸ ಎನ್ನುವವರು ಒಗೋನಿಯನ್ನು ನೆನೆಯಬೇಕು. ಅಷ್ಟು ದೂರ ಬೇಡವೆಂದರೆ ಛತ್ತೀಸಗಡದ ಹಸದೇವ್ ಕಾಡನ್ನು ನೆನೆಯಿರಿ. ಕಲ್ಲಿದ್ದಲು ಗಣಿಗೆ ಕಾಡು ಕೊಡುವುದಿಲ್ಲ ಎಂದು ಅಲ್ಲಿನ ಆದಿವಾಸಿಗಳು 2021ರ ಅಕ್ಟೋಬರಿನಲ್ಲಿ 300 ಕಿಲೋಮೀಟರ್ ನಡೆದು ರಾಯಪುರ ತಲುಪಿದರು.

ಇವರು ನಿಜಕ್ಕೂ ನಡೆದೇ ಬಂದರು. ಆದರೆ ನಡೆದು ಬಂದವರಿಗೆ ಮಾತ್ರ ಮಾತಾಡುವ ಹಕ್ಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಇನ್ನೀಗ ಆ ಎರಡನೆಯ ಮಾತು.

ಮಾರ್ಚ್ ತಿಂಗಳಲ್ಲಿ ರೋಬಸ್ಟಾ ತೋಟದ ಕೆರೆ ದಂಡೆಗೆ ಬಂದು ನೋಡಿ. ಹೂ ಅರಳಲು ಒಂದರಿಂದ ಒಂದೂವರೆ ಇಂಚು ಮಳೆ ಬೇಕು. ಅದು ಬರಲಿಲ್ಲವೆಂದರೆ ಡೀಸೆಲ್ ಎಂಜಿನ್ ಇಳಿಸಬೇಕು. ಅಲ್ಯೂಮಿನಿಯಂ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಗಿಡಗಳ ಸಂದಿಯಲ್ಲಿ ಇಳಿಜಾರು ಹತ್ತಿ, ಒಂದಕ್ಕೊಂದು ಕೊಂಡಿ ಹಾಕಿ, ತುದಿಗೆ ಸ್ಪ್ರಿಂಕ್ಲರ್ ನಿಲ್ಲಿಸುತ್ತಾರೆ. ಕೆಲವು ಗಂಟೆ ತಿರುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮುಂದಿನ ಜಾಗಕ್ಕೆ ಸಾಗಿಸುತ್ತಾರೆ, ರಾತ್ರಿಯಾದರೂ ಸರಿ. ಕೆರೆ ಬತ್ತುವ ಮೊದಲು ತೋಟ ಮುಗಿಯಬೇಕು. ಕೊಳವೆಯ ಕೀಲುಗಳಿಂದ ನೀರು ಚಿಮ್ಮಿ ಕೆಲಸದವರ ಅಂಗಿ ತೊಯ್ದಿರುತ್ತದೆ, ಕೈಯೆಲ್ಲ ಡೀಸೆಲ್ ವಾಸನೆ. ಹೂ ಅರಳಿದ ಮೇಲೂ, ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬರದಿದ್ದರೆ ಮತ್ತೊಂದು ಸುತ್ತು. ಅಂದರೆ ಮಳೆಯ ಲೆಕ್ಕ ತಪ್ಪಿಸಿದ ಎಣ್ಣೆಯನ್ನೇ ದುಡ್ಡು ಕೊಟ್ಟು ತಂದು, ಬರದ ಮಳೆಯ ಬದಲು ಉರಿಸುತ್ತೇವೆ. ಮಾರಿದವನಿಗೆ ಎರಡೂ ಕಡೆ ಲಾಭ. ಬೆಳೆಗಾರ ಡೀಸೆಲ್ ಉರಿಸಿದ್ದಕ್ಕೆ ಬಾಯಿ ಮುಚ್ಚಬೇಕು ಎನ್ನುವುದು ಎಲ್ಲಿಯ ನ್ಯಾಯ? ಸಂಜೆ ಆರರ ಮೇಲೆ ಬಸ್ ಇಲ್ಲದ ಊರಿನವನು ಪ್ರತಿಭಟನೆಗೆ ಜೀಪಿನಲ್ಲಿ ಬಂದರೆ ಅದು ಅವನ ಸೋಗಲಾಡಿತನವಲ್ಲ. ಬೇರೆ ದಾರಿ ಇಲ್ಲದಂತೆ ಮಾಡಿದ್ದರ ಬಗ್ಗೆಯೇ ಅವನ ದೂರು.

ನಮ್ಮ ದೇಶದ ಕಡೆಯಿಂದ ಹೇಳಬೇಕಾದ ಮಾತೂ ಒಂದಿದೆ. ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ನಮ್ಮ ವಿದ್ಯುತ್ತಿನ ಮುಕ್ಕಾಲು ಪಾಲಿನ ಹತ್ತಿರ ಕಲ್ಲಿದ್ದಲಿನದು. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ ಸ್ಥಾವರಗಳು ನಾಳೆ ನಿಂತರೆ ಮೊದಲು ಕತ್ತಲಾಗುವುದು ತೋಟದ ಕೆಲಸದವರ ಲೈನ್ ಮನೆಗಳು, ರೆಸಾರ್ಟುಗಳಲ್ಲ. ಅವುಗಳ ಬಳಿ ಜನರೇಟರ್ ಇದೆ. ಶಕ್ತಿನಗರದ ಕಾರ್ಮಿಕನ ಮುಂದಿನ ಕೆಲಸ ಯಾವುದು ಎಂದು ಹೇಳದ ಹೋರಾಟ ನಮ್ಮ ನಾಡಿನಲ್ಲಿ ನಾಲ್ಕು ಹೆಜ್ಜೆ ಹೋಗದು. ಆದ್ದರಿಂದಲೇ 'ಎಲ್ಲ ನಿಲ್ಲಿಸಿ' ಎಂಬ ಘೋಷಣೆಗಿಂತ 'ಹೊಸದಕ್ಕೆ ಸಹಿ ಹಾಕಬೇಡಿ' ಎಂಬುದು ನನಗೆ ಹೆಚ್ಚು ಸರಿ ಕಾಣುತ್ತದೆ. 2021ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೂ ಹೇಳಿದ್ದು ಅದನ್ನೇ: 2050ರೊಳಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ತರುವ ಗುರಿ ಮುಟ್ಟುವ ದಾರಿಯಲ್ಲಿ, ಆಗಲೇ ಒಪ್ಪಿಗೆ ಪಡೆದವನ್ನು ಬಿಟ್ಟರೆ ಹೊಸ ತೈಲ ಮತ್ತು ಅನಿಲ ನಿಕ್ಷೇಪಗಳು ಬೇಕಿಲ್ಲ. ಇದು ತೈಲ ಕೊಳ್ಳುವ ಶ್ರೀಮಂತ ದೇಶಗಳು 1974ರಲ್ಲಿ ತಮ್ಮ ಪೂರೈಕೆ ಕಾಪಾಡಿಕೊಳ್ಳಲು ಕಟ್ಟಿದ ಸಂಸ್ಥೆ. ಬೀದಿಯ ಕೂಗಲ್ಲ.

ಇತ್ತೀಚಿನ ದೊಡ್ಡ ಸುದ್ದಿ ಶಾಂತಸಾಗರದ ದ್ವೀಪಗಳಿಂದ ಬಂದದ್ದು. 2019ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿಗಳು, ಹವಾಮಾನ ಬದಲಾವಣೆಯಲ್ಲಿ ದೇಶಗಳ ಹೊಣೆ ಏನೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಲಿ ಎಂದು ಹೊರಟರು. ವನುವಾಟು ಎಂಬ ಪುಟ್ಟ ದೇಶ ಅದನ್ನು ಕೈಗೆತ್ತಿಕೊಂಡು ವಿಶ್ವಸಂಸ್ಥೆಯವರೆಗೆ ಒಯ್ದಿತು. 2025ರ ಜುಲೈ 23ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಪಳೆಯುಳಿಕೆ ಇಂಧನದ ಶೋಧಕ್ಕೆ ಪರವಾನಗಿ ಕೊಡುವುದು, ಅದಕ್ಕೆ ಸಹಾಯಧನ ನೀಡುವುದು ಒಂದು ದೇಶದ ತಪ್ಪು ನಡೆಯಾಗಬಹುದು ಎಂಬುದು ಅದರ ಒಂದು ಅಂಶ. ಸಲಹೆಯ ರೂಪದ್ದು, ಜಪ್ತಿ ವಾರೆಂಟ್ ಅಲ್ಲ. ಆದರೂ ಇನ್ನು ಮುಂದೆ ವಕೀಲರು ಆ ಪುಟವನ್ನು ತೆರೆದಿಟ್ಟುಕೊಂಡೇ ವಾದಿಸುತ್ತಾರೆ.

ಇಷ್ಟು ಹೇಳಿ ನಮ್ಮ ಜಿಲ್ಲೆಯ ಒಂದು ಇರಿಸುಮುರಿಸಿನ ಸಂಗತಿ ಹೇಳದಿದ್ದರೆ ಸರಿಯಾಗದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಮತ್ತೊಮ್ಮೆ ಹೊರಡಿಸಿದ್ದು 2024ರ ಜುಲೈ 31ರಂದು, ವಯನಾಡಿನ ದುರಂತದ ಮರುದಿನ. ಆ ಪ್ರದೇಶದಲ್ಲಿ ಗಣಿಗಾರಿಕೆ ಬೇಡ, ಹೊಸ ಉಷ್ಣ ವಿದ್ಯುತ್ ಸ್ಥಾವರ ಬೇಡ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಚಾಮಲಾಪುರದವರು ಬೀದಿಯಲ್ಲಿ ನಿಂತು ಗೆದ್ದದ್ದು ಇಲ್ಲಿ ಅಚ್ಚಾದ ಸಾಲಾಗಿ ಬಂದಿದೆ. ನಾವು ಕೊಡಗಿನವರು ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯ ಕಾಲದಿಂದಲೂ ಇಡೀ ಕಟ್ಟನ್ನೇ ವಿರೋಧಿಸುತ್ತ ಬಂದಿದ್ದೇವೆ. ಮನೆ ಕಟ್ಟಲು ಬಿಡುತ್ತಾರೋ ಇಲ್ಲವೋ, ತೋಟದ ಮರಕ್ಕೆ ಯಾರ ಅಪ್ಪಣೆ ಬೇಕು ಎಂಬ ಭಯ ಸುಳ್ಳಲ್ಲ, ಅದಕ್ಕೆ ಕಾರಣಗಳೂ ಇವೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವೂ ವರದಿಯನ್ನು ತಿರಸ್ಕರಿಸಿತು. ಆದರೆ ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ, ಆಕ್ಷೇಪಣೆಯನ್ನು ಕಲಮು ಕಲಮಾಗಿ ಬರೆಯಬಹುದು. ಮನೆ, ಗದ್ದೆ, ತೋಟದ ವಿಚಾರದಲ್ಲಿ ಇಂತಿಂಥ ತಿದ್ದುಪಡಿ ಬೇಕು ಎಂದು ಒಂದು ಪುಟ. ಗಣಿ ಮತ್ತು ಕಲ್ಲಿದ್ದಲು ಸ್ಥಾವರದ ನಿಷೇಧಕ್ಕೆ ನಮ್ಮ ಸಮ್ಮತಿ ಇದೆ ಎಂದು ಇನ್ನೊಂದು ಪುಟ. ಗ್ರಾಮಸಭೆಯ ನಿರ್ಣಯವಾಗಿ, ಪಂಚಾಯಿತಿಯ ಮೊಹರಿನೊಂದಿಗೆ ಹೋದರೆ ಅದಕ್ಕೆ ತೂಕವೂ ಹೆಚ್ಚು. 2024ರದ್ದೂ ಸೇರಿ ಈ ಕರಡು ಆರು ಸಲ ಬಂದಿದೆ. ಮತ್ತೊಂದು ಬಂದರೆ ಎರಡನೆಯ ಪುಟವನ್ನು ಯಾವ ಪಂಚಾಯಿತಿ ಮೊದಲು ಬರೆಯುತ್ತದೆ ಎಂದು ನೋಡುವ ಕುತೂಹಲ ನನಗಿದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.