ಹಳ್ಳದಲ್ಲಿ ಸಿಕ್ಕ ಹರಳು ಮನೆಗೆ ತರಬಹುದಾ?

[ತೆರೆಯ ಮೇಲೆ: ಜರಡಿಯಲ್ಲಿ ಮಣ್ಣು ಸೋಸುವ ಕೈಗಳು]

ನಮಸ್ಕಾರ. ಈ ರೀಲ್ ನೀವೂ ನೋಡಿರುತ್ತೀರಿ. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಕ್ರೇಟರ್ ಆಫ್ ಡೈಮಂಡ್ಸ್ ಅಂತ ಒಂದು ಸರ್ಕಾರಿ ಪಾರ್ಕ್ ಇದೆ. ಟಿಕೆಟ್ ತಗೊಂಡು ಒಳಗೆ ಹೋಗಿ, ಮಣ್ಣು ಜರಡಿ ಹಿಡಿದು, ವಜ್ರ ಸಿಕ್ಕರೆ ಜೇಬಿಗೆ ಹಾಕಿಕೊಂಡು ಮನೆಗೆ ಬರಬಹುದು. 1924ರಲ್ಲಿ ಆ ಜಾಗದಲ್ಲೇ 40.23 ಕ್ಯಾರೆಟ್ ವಜ್ರ ಸಿಕ್ಕಿತ್ತು. ಆದರೆ ರೀಲ್‌ನಲ್ಲಿ ಹೇಳದ ವಿಷಯ ಒಂದಿದೆ. ಅದೇ ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಲ್ಲನ್ನೂ ಎತ್ತುವಂತಿಲ್ಲ.

ಈಗ ನಮ್ಮ ಕಡೆ ಬನ್ನಿ. ಖಾನಾಪುರದ ಕಾಡು, ಬಾದಾಮಿ ಗುಡ್ಡ, ಡೋಣಿ ನದಿಯ ದಂಡೆ. ಇಲ್ಲಿ ಹರಳು ಹುಡುಕಬಹುದಾ?

ಮೊದಲು, ಹುಡುಕೋಕೆ ಏನಾದರೂ ಇದೆಯಾ? ಇದೆ. ವಿಜಯಪುರ ಮತ್ತು ಬೆಳಗಾವಿಯ ಉತ್ತರ ಭಾಗದ ಕರಿಗಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದು ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು, ಆಮೇಲೆ ನೀರಿನ ಜೊತೆ ಬಂದ ಸಿಲಿಕಾ ಆ ಪೊಳ್ಳುಗಳಲ್ಲಿ ನಿಧಾನಕ್ಕೆ ತುಂಬಿಕೊಂಡು ಬೆಣಚುಕಲ್ಲಾಯಿತು, ಪಟ್ಟೆಪಟ್ಟೆಯ ಅಗೇಟ್ ಆಯಿತು, ಅಂದರೆ ಉಂಗುರಕ್ಕೆ ಕೂಡಿಸುತ್ತಾರಲ್ಲ ಆ ಅಕೀಕ್. ಕರಿಗಲ್ಲು ಸವೆದು ಎರೆಮಣ್ಣಾದರೂ ಈ ಗಟ್ಟಿ ಹರಳು ಸವೆಯುವುದಿಲ್ಲ, ಅದಕ್ಕೇ ಮಳೆ ಬಿದ್ದ ಮೇಲೆ ಹಳ್ಳದಲ್ಲಿ ಹೊಳೆಯುತ್ತದೆ. ಬಾದಾಮಿ ಕಡೆ ಕಥೆ ಬೇರೆ, ಅಲ್ಲಿರುವುದು ಕೆಂಪು ಮರಳುಗಲ್ಲು. ಬೆಲೆಯ ಆಸೆ ಮಾತ್ರ ಜಾಸ್ತಿ ಇಟ್ಟುಕೊಳ್ಳಬೇಡಿ.

ಕಾನೂನಿಗೆ ಬರೋಣ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜ ಅಂತ ಘೋಷಿಸಿತು. ಬೆಣಚುಕಲ್ಲೂ ಆಗ ಅದರಲ್ಲಿತ್ತು, 2025ರಲ್ಲಿ ಅದನ್ನು ಮತ್ತೆ ಪ್ರಧಾನ ಖನಿಜಗಳ ಸಾಲಿಗೆ ಸೇರಿಸಿದರು. ಅಗೇಟ್, ಜಾಸ್ಪರ್, ಕುರಂದ ಉಪಖನಿಜದ ಪಟ್ಟಿಯಲ್ಲೇ ಇವೆ. ಇವಕ್ಕೆ ಪರವಾನಗಿ ಕೊಡುವುದು ರಾಜ್ಯ, 1994ರ ಉಪಖನಿಜ ನಿಯಮಗಳ ಪ್ರಕಾರ. ಪರವಾನಗಿ ಇಲ್ಲದೆ ಅಗೆಯುವುದು, ಸಾಗಿಸುವುದು, ದಾಸ್ತಾನು ಮಾಡುವುದು 1957ರ ಗಣಿ ಕಾಯ್ದೆಯಲ್ಲಿ ಅಪರಾಧ. 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ.

ಹೆದರಬೇಡಿ, ಇದನ್ನು ಬರೆದಿದ್ದು ಟಿಪ್ಪರ್‌ಗಟ್ಟಲೆ ಸಾಗಿಸುವವರಿಗೆ, ಬದುವಿನ ಮೇಲಿನ ಒಂದು ಕಲ್ಲು ಜೇಬಿಗೆ ಹಾಕಿದವರ ಹಿಂದೆ ಯಾರೂ ಬರುವುದಿಲ್ಲ. ಆದರೆ ಹವ್ಯಾಸಕ್ಕೆ ಇಷ್ಟು ಕೆಜಿ ಆರಿಸಬಹುದು ಅನ್ನುವ ರಿಯಾಯಿತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ಇದು ಒಂದು ಕೊರತೆ ಅಂತಲೇ ನನ್ನ ಅಭಿಪ್ರಾಯ. ಕಲ್ಲು ಕಂಡು ಕುತೂಹಲ ಪಡುವ ಶಾಲೆ ಹುಡುಗನಿಗೂ ಮರಳು ದಂಧೆಯವನಿಗೂ ಒಂದೇ ಸೆಕ್ಷನ್ ಅಂದರೆ ಹೇಗೆ?

[ನಕ್ಷೆ: ಭೀಮಗಡ, ಯಡಹಳ್ಳಿ, ಘಟಪ್ರಭಾ]

ಕಾಡಿಗೆ ಕಾಲಿಟ್ಟರೆ ಮಾತ್ರ ಜೇಬಿನ ಕಲ್ಲೂ ಲೆಕ್ಕಕ್ಕೆ ಬರುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅರಣ್ಯ ಉತ್ಪನ್ನ ಅಂದರೆ ಮರ, ಜೇನು ಅಷ್ಟೇ ಅಲ್ಲ, ಕಾಡಿನಿಂದ ತಂದ ಕಲ್ಲು, ಮಣ್ಣು, ಖನಿಜವೂ ಸೇರಿದೆ. ಭೀಮಗಡದಂಥ ವನ್ಯಜೀವಿ ಧಾಮದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬರುತ್ತದೆ: ಒಳಗೆ ಹೋಗುವುದಕ್ಕೇ ಅನುಮತಿ ಬೇಕು, ಹೊರಗೆ ಏನನ್ನೂ ತರುವಂತಿಲ್ಲ. ಭೀಮಗಡದಲ್ಲಿ ದಟ್ಟ ಮರ ಇವೆ, ಕಾಡು ಅಂತ ಗೊತ್ತಾಗುತ್ತದೆ. ಮುಧೋಳ, ಬೀಳಗಿ ನಡುವಿನ ಯಡಹಳ್ಳಿ ಚಿಂಕಾರಾ ಧಾಮದಲ್ಲಿ ಹಾಗಲ್ಲ. ಕುರುಚಲು ಗಿಡ, ಮುಳ್ಳು, ಕಲ್ಲು ಗುಡ್ಡ. ಗಾಯರಾಣ, ಅಂದರೆ ದನ ಮೇಯುವ ಗೋಮಾಳ, ಇರಬೇಕು ಅಂದುಕೊಂಡು ಸುತ್ತಿಗೆ ಹಿಡಿದು ಹೋಗುವವರು ಇಂಥ ಕಡೆಯೇ ಸಿಕ್ಕಿಬೀಳುವುದು. ಕಲ್ಲಿನ ಜೊತೆ ಸುತ್ತಿಗೆ, ಹಾರೆ, ಬೈಕನ್ನೂ ಜಪ್ತಿ ಮಾಡುವ ಅಧಿಕಾರ ಅರಣ್ಯ ಸಿಬ್ಬಂದಿಗೆ ಇದೆ. ಐವತ್ತು ರೂಪಾಯಿ ಬಾಳದ ಕಲ್ಲಿಗೆ ಬೈಕ್ ಬಿಡಿಸಿಕೊಳ್ಳಲು ಅಲೆದಾಟ, ಬೇಕಾ?

ಅಂದಹಾಗೆ ಗಾಯರಾಣವೂ ಸರ್ಕಾರದ್ದೇ, ನದಿಪಾತ್ರವೂ ಸರ್ಕಾರದ್ದೇ. ನಿಮ್ಮ ಹೆಸರಿನ ಉತಾರ (ಪಹಣಿ) ಇರುವ ಹೊಲದಲ್ಲೂ 1964ರ ಭೂಕಂದಾಯ ಕಾಯ್ದೆ ಖನಿಜದ ಹಕ್ಕನ್ನು ರಾಜ್ಯಕ್ಕೇ ಇಟ್ಟಿದೆ.

ಇನ್ನು ಬಾದಾಮಿ, ಐಹೊಳೆ, ಪಟ್ಟದಕಲ್ಲು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಗುದ್ದಲಿ ಕಥೆ ಅಲ್ಲಿಗೇ ಮುಗಿಯಿತು. ನನಗೆ ಚಿಂತೆ ಇರುವುದು ಗುದ್ದಲಿಯದ್ದಲ್ಲ, ಸುಮ್ನೆ ಆರಿಸುವವರದ್ದು. ಮಲಪ್ರಭೆಯ ಬಯಲಿನಲ್ಲಿ ಶಿಲಾಯುಗದ ಮಂದಿ ಇದ್ದರು, ಅವರ ಕಲ್ಲಿನ ಆಯುಧಗಳು ಸಿಕ್ಕಿವೆ. ಚೂಪು ಅಂಚಿನ, ಬೆರಳುದ್ದದ, ಹೊಳೆಯುವ ಕಲ್ಲಿನ ಚೂರು ಕಂಡರೆ ಅದು ಹರಳೇ ಆಗಿರಬೇಕಿಲ್ಲ, ಯಾರೋ ಕುಳಿತು ಕೆತ್ತಿದ ಅಲಗು ಇರಬಹುದು. ತೂತು ಇದ್ದರೆ ಮಣಿ. 100 ವರ್ಷ ದಾಟಿದ ಇಂಥ ವಸ್ತು ಪುರಾವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಎತ್ತಿಕೊಂಡರೆ ಅದು ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವ ಮಾಹಿತಿ ಹೋಯಿತು. ಅಲ್ಲೇ ಬಿಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಲೊಕೇಶನ್ ಸಮೇತ ಪುರಾತತ್ವ ಇಲಾಖೆಗೆ ಕಳಿಸಿ.

ಪನ್ನಾದಲ್ಲಿ ಸಾಮಾನ್ಯ ಜನ ವಜ್ರ ಅಗೆಯುತ್ತಾರಲ್ಲ ಅಂತ ಕೇಳಬಹುದು. ನಿಜ, ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ ಸಣ್ಣ ತುಂಡು ಜಾಗಕ್ಕೆ ಪಟ್ಟಾ ಕೊಡುತ್ತಾರೆ. ಸಿಕ್ಕ ವಜ್ರ ಸರ್ಕಾರಿ ಕಚೇರಿಗೆ ಒಪ್ಪಿಸಬೇಕು, ಹರಾಜಾದ ಮೇಲೆ ರಾಯಲ್ಟಿ ಕಳೆದು ಉಳಿದದ್ದು ಕೈಗೆ. ಅದು ಅಲ್ಲಿನ ವಜ್ರದ ವ್ಯವಸ್ಥೆ, ಅದನ್ನು ತೋರಿಸಿ ಇಲ್ಲಿ ಅಗೆಯುವಂತಿಲ್ಲ.

ಹೊರಡುವ ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅದನ್ನು ಹಿಡಿದು ಪಹಣಿಯಲ್ಲಿ ಜಾಗ ಯಾರದು ಅಂತ ನೋಡಬಹುದು. ಗಡಿ ಹತ್ತಿರ ಇದ್ದರೆ ಅದನ್ನೊಂದೇ ನಂಬಬೇಡಿ, ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ಕೇಳಿದ್ದಕ್ಕೆ ಯಾರೂ ಕೇಸ್ ಹಾಕಲ್ಲ.